ಹತ್ತನೇತ್ತೆವರೆಗೆ ವೇಗೋತ್ಕರ್ಷ, ಪಿಯುಗೆ ಬಂದರೆ ಆಕ್ಸಲರೇಷನ್

ಸಂಪಾದಕರಿಗೆ ನಮಸ್ಕಾರ.

ಮೇ ತಿಂಗಳು ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳದ್ದೇ ಹಬ್ಬ. 625ಕ್ಕೆ 620, 622, ಬಾಯಿಗೆ ಪೇಢೆ ಇಡುತ್ತಿರುವ ಅಪ್ಪ ಅವ್ವ, ಪಕ್ಕದಲ್ಲಿ ಹೆಡ್‌ಮಾಸ್ತರು. ಕೆಳಗೆ ಅರ್ಧ ಪುಟ ಪಿಯು ಕಾಲೇಜುಗಳ ಜಾಹೀರಾತು. ಚೆಂದವೇ ಇರುತ್ತದೆ. ನಾನೂ ಎಲ್ಲರ ಮುಖ ನೋಡುತ್ತೇನೆ, ಗದಗ ಜಿಲ್ಲೆಯವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತೇನೆ. ಆದರೆ ಜೂನ್ ಬಂದ ಮೇಲೆ ಆ ಮಕ್ಕಳು ಏನಾದರು ಅಂತ ಯಾರೂ ಕೇಳುವುದಿಲ್ಲ. ಮತ್ತೆ ಅವರ ಫೋಟೊ ಬರುವುದು ಎರಡು ವರ್ಷ ಬಿಟ್ಟು ಪಿಯು ರಿಸಲ್ಟ್ ದಿನ, ಅದೂ ಉಳಿದುಕೊಂಡವರದ್ದು ಮಾತ್ರ. ನಡುವೆ ಜೂನ್, ಜುಲೈ, ಆಗಸ್ಟ್ ಅಂತ ಮೂರು ತಿಂಗಳು ಇವೆಯಲ್ಲ, ಈ ಪತ್ರ ಅದರ ಬಗ್ಗೆ.

ನಾನು ರೋಣ ತಾಲೂಕಿನ ಒಂದು ಹಳ್ಳಿಯವಳು. ಒಂದರಿಂದ ಹತ್ತರವರೆಗೆ ಸರಕಾರಿ ಶಾಲೆ, ಕನ್ನಡ ಮಾಧ್ಯಮ. 2023ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಧಾರವಾಡದ ಒಂದು ಕಾಲೇಜಿನಲ್ಲಿ ಪಿಯು ವಿಜ್ಞಾನಕ್ಕೆ ಸೇರಿದೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಕಾಲೇಜಿನ ಕಥೆ ಅಂದುಕೊಳ್ಳುತ್ತಾರೆ, ಹಾಗಿಲ್ಲ. ಈಗ ಇಲ್ಲೇ ಬಿಎಸ್ಸಿ ಓದುತ್ತಿದ್ದೇನೆ. ಅಂದರೆ ಹೇಗೋ ದಾಟಿ ಬಂದವಳು. ದಾಟಲಾಗದೆ ಊರಿಗೆ ಮರಳಿದವರು ಪತ್ರಿಕೆಗೆ ಪತ್ರ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮೊದಲ ದಿನವೇ ನಗೆಪಾಟಲಾದೆ. ನಮ್ಮ ಕಡೆ ಶಾಲೆಯಲ್ಲಿ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತೇವೆ. ಹತ್ತು ವರ್ಷ ಹಾಗೇ ಕರೆದ ಬಾಯಿ. ಕೆಮಿಸ್ಟ್ರಿ ಮೇಡಂ ಹಾಜರಿ ಕರೆಯುವಾಗ ನನ್ನ ಹೆಸರು ಬಿಟ್ಟುಬಿಟ್ಟರು, ನಾನು ಎದ್ದು ನಿಂತು ‘ಅಕ್ಕೋರೆ, ನಂದ್ ಹೆಸರು ಬರಲಿಲ್ರಿ’ ಅಂದೆ. ಎಂಬತ್ತು ಮಂದಿಯ ಕ್ಲಾಸು ಹೋ ಅಂತ ನಕ್ಕಿತು. ಮೇಡಂ ಏನೂ ಅನ್ನಲಿಲ್ಲ, ಅವರೂ ಸ್ವಲ್ಪ ನಕ್ಕರು. ಈಗ ನೆನೆಸಿಕೊಂಡರೆ ನನಗೂ ನಗು ಬರುತ್ತದೆ. ಆದರೆ ಅವತ್ತಿನಿಂದ ಸುಮಾರು ಎರಡು ತಿಂಗಳು ನಾನು ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ.

ಅದೇ ವಾರ ಇನ್ನೊಬ್ಬ ಲೆಕ್ಚರರ್ ಬಂದು ‘ಕನ್ನಡ ಮೀಡಿಯಂ ಇದ್ದವರು ಎದ್ದು ನಿಲ್ಲಿ’ ಅಂದರು. ಒಳ್ಳೆಯದಕ್ಕೇ ಕೇಳಿರಬೇಕು, ಎಷ್ಟು ಜನ ಇದ್ದಾರೆ ಅಂತ ತಿಳಿದರೆ ಪಾಠ ಮಾಡಲು ಅನುಕೂಲ ಅಲ್ವಾ. ಇಪ್ಪತ್ತು ಇಪ್ಪತ್ತೆರಡು ಜನ ಎದ್ದು ನಿಂತೆವು. ‘ಹೂಂ, ಕೂತ್ಕೊಳ್ಳಿ’ ಅಂದು ಪಾಠ ಶುರು ಮಾಡಿದರು, ಇಂಗ್ಲಿಷಿನಲ್ಲಿ. ಮರುದಿನ ನೋಡಿದರೆ ಆ ಇಪ್ಪತ್ತು ಜನರೂ ಹಿಂದಿನ ನಾಲ್ಕು ಬೆಂಚಿನಲ್ಲಿ ಕೂತಿದ್ದೆವು. ಯಾರೂ ಕೂರಿಸಿದ್ದಲ್ಲ, ನಾವೇ ಹೋಗಿ ಕೂತದ್ದು.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಫಿಸಿಕ್ಸ್ ಸರ್ ‘ವಾಟ್ ಈಸ್ ಆಕ್ಸಲರೇಷನ್?’ ಅಂತ ಕೇಳಿದರು. ನಾನು ಆ ಪದವನ್ನು ಬೈಕಿನ ಎಕ್ಸಲೇಟರ್ ಅಂತ ತಿಳಿದೆ, ನಮ್ಮೂರಲ್ಲಿ ಹಾಗೇ ಅನ್ನುವುದು. ಮುಂದಿನ ಬೆಂಚಿನವರು ಪಟಪಟ ಉತ್ತರ ಹೇಳಿದರು. ನಂತರ ಸರ್ ಬೋರ್ಡಿನ ಮೇಲೆ ವಿ ಈಕ್ವಲ್ ಟು ಯು ಪ್ಲಸ್ ಎಟಿ ಅಂತ ಬರೆದರು. ಬರೆದ ಕೂಡಲೇ ನನ್ನ ತಲೆಯಲ್ಲಿ ಲೈಟ್ ಹತ್ತಿದಂಗಾಯಿತು. ಅಯ್ಯೋ, ಇದು ವೇಗೋತ್ಕರ್ಷ! ಒಂಬತ್ತನೇತ್ತೆಯಲ್ಲಿ ಚಲನೆ ಪಾಠದಲ್ಲಿ ಇದೇ ಸೂತ್ರ, ಇದೇ ಅಕ್ಷರ, ಇದೇ ಲೆಕ್ಕ. ನಮ್ಮ ಮಾಸ್ತರು ಬಸ್ಸು ನಿಲ್ದಾಣದಿಂದ ಹೊರಟು ವೇಗ ಏರಿಸಿಕೊಳ್ಳುವ ಉದಾಹರಣೆ ಕೊಟ್ಟು ಎಷ್ಟು ಚೆನ್ನಾಗಿ ಹೇಳಿದ್ದರು. ನನಗೆ ಉತ್ತರ ಗೊತ್ತಿತ್ತು. ಪ್ರಶ್ನೆ ಗೊತ್ತಾಗಲಿಲ್ಲ, ಅಷ್ಟೇ.

ಅದೊಂದೇ ಪದವಾದರೆ ಪರವಾಗಿಲ್ಲ. ಸೆಲ್ ಅಂದರೆ ನಮಗೆ ಟಾರ್ಚಿನ ಸೆಲ್ಲು, ಬಯಾಲಜಿ ಮೇಡಂ ಬೋರ್ಡ್ ತುಂಬ ಸೆಲ್ ಚಿತ್ರ ಬಿಡಿಸಿದರೆ ಅದು ಜೀವಕೋಶ ಅಂತ ಹೊಳೆಯಲು ಅರ್ಧ ತಾಸು ಬೇಕಾಯಿತು. ಮಾಸ್ ಅಂದರೆ ದ್ರವ್ಯರಾಶಿ. ರಾಶಿ ಅಂದಾಗಲೆಲ್ಲ ಕಣದಲ್ಲಿ ಹಾಕಿದ ಜೋಳದ ರಾಶಿ ನೆನಪು ಮಾಡಿಕೊಂಡು ಕಲಿತಿದ್ದವರು ನಾವು. ಕ್ಲೋರೋಫಿಲ್ ಅಂದರೆ ಪತ್ರಹರಿತ್ತು, ರಿಫ್ರ್ಯಾಕ್ಷನ್ ಅಂದರೆ ವಕ್ರೀಭವನ, ಸೆಟ್ಸ್ ಅಂದರೆ ಗಣಗಳು. ಹತ್ತನೇತ್ತೆಯ ಪುಸ್ತಕದಲ್ಲಿ ಕೆಲವು ಕಡೆ ಕನ್ನಡ ಪದದ ಪಕ್ಕ ಆವರಣದಲ್ಲಿ ಇಂಗ್ಲಿಷ್ ಪದ ಇರುತ್ತಿತ್ತು ನಿಜ. ಆದರೆ ಪರೀಕ್ಷೆಗೆ ಬೇಡದ್ದನ್ನು ಯಾರು ಓದುತ್ತಾರೆ? ನಾವು ಅದನ್ನು ಹಾರಿಸಿಕೊಂಡೇ ಓದಿದವರು.

ಹಾಗಾಗಿ ಏನಾಯಿತೆಂದರೆ, ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹಾಗೆ ಕಾಣತೊಡಗಿತು. ಇದು ಬಹಳ ಕೆಟ್ಟ ಅನುಭವ. ಗೊತ್ತಿಲ್ಲದ್ದನ್ನು ಕಲಿಯಬಹುದು. ಗೊತ್ತಿದ್ದೂ ದಡ್ಡಿ ಅನಿಸಿಕೊಂಡರೆ ಮನುಷ್ಯ ಒಳಗೇ ಕುಗ್ಗುತ್ತಾನೆ. ರಾತ್ರಿ ಫೋನಿನಲ್ಲಿ ಅವ್ವ ‘ಹೆಂಗೈತಿ ಸಾಲಿ?’ ಅಂತ ಕೇಳಿದರೆ ‘ಛಲೋ ಐತಿ’ ಅನ್ನುತ್ತಿದ್ದೆ. ಅವ್ವನಿಗೆ ಅದು ಇನ್ನೂ ಸಾಲಿಯೇ.

ನನ್ನನ್ನು ಉಳಿಸಿದ್ದು ಸಪ್ತಾಪುರದ ರೂಮಿನಲ್ಲಿ ನನ್ನ ಜೊತೆ ಇದ್ದ ಒಬ್ಬ ಅಕ್ಕ. ಆಗ ಅವರು ಡಿಗ್ರಿ ಕೊನೆಯ ವರ್ಷ, ಅವರೂ ಹಳ್ಳಿಯಿಂದ ಬಂದವರೇ. ಒಂದು ಭಾನುವಾರ ನಾನು ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಅಳುತ್ತಿದ್ದೆ. ಧಾರವಾಡದ ಜಿಟಿಜಿಟಿ ಮಳೆ, ಬಟ್ಟೆ ನಾಲ್ಕು ದಿನವಾದರೂ ಒಣಗದ ಕಾಲ. ಅಕ್ಕ ಬಂದು ಏನಾಯಿತು ಅಂತಲೂ ಕೇಳಲಿಲ್ಲ. ‘ಫಿಸಿಕ್ಸ್ ಏನ್, ಕೆಮಿಸ್ಟ್ರಿ ಏನ್?’ ಅಂದರು. ಎರಡೂ ಅಂದೆ. ಒಳಗೆ ಕರೆದುಕೊಂಡು ಹೋಗಿ ತಮ್ಮ ಮೊಬೈಲಿನಲ್ಲಿ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್ ತೆಗೆದು, ಹತ್ತನೇತ್ತೆ ವಿಜ್ಞಾನದ ಕನ್ನಡ ಮಾಧ್ಯಮದ ಪುಸ್ತಕ ಒಂದು, ಇಂಗ್ಲಿಷ್ ಮಾಧ್ಯಮದ ಪುಸ್ತಕ ಒಂದು, ಎರಡನ್ನೂ ಇಳಿಸಿಕೊಟ್ಟರು. ಪುಕ್ಕಟೆ ಸಿಗುತ್ತವೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಜೂನ್‌ನಲ್ಲಿ ಕಾಲೇಜಿಗೆ ಹೋಗುವ ಯಾರಿಗಾದರೂ ಉಪಯೋಗ ಆಗಬಹುದು. ಎರಡೂ ಪುಸ್ತಕ ಒಂದೇ. ಕನ್ನಡದ್ದು ಇಂಗ್ಲಿಷಿನದರ ಅನುವಾದ. ಅದೇ ಪಾಠ, ಅದೇ ಚಿತ್ರ, ಅದೇ ಪ್ರಶ್ನೆ, ಅದೇ ಕ್ರಮ. ನಮಗೆ ಆಗಲೇ ಬಾಯಿಪಾಠ ಆಗಿರುವ ಕನ್ನಡ ಪುಟವನ್ನು ಎಡಗಡೆ ಇಟ್ಟುಕೊಂಡು, ಅದೇ ಪುಟವನ್ನು ಬಲಗಡೆ ಇಂಗ್ಲಿಷಿನಲ್ಲಿ ಓದಿದರೆ ಡಿಕ್ಷನರಿಯೇ ಬೇಡ. ಸಾಲು ಸಾಲಿಗೆ ಅರ್ಥ ತಾನೇ ಬರುತ್ತದೆ. ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ನಡುವೆ ಗೆರೆ ಹೊಡೆದೆ. ಈ ಕಡೆ ದ್ಯುತಿಸಂಶ್ಲೇಷಣೆ, ಆ ಕಡೆ ಇಂಗ್ಲಿಷ್ ಪದ, ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ‘ಫೋಟೋ ಸಿಂಥೆಸಿಸ್’ ಅಂತ ಉಚ್ಚಾರ. ಉಚ್ಚಾರ ಬರೆದುಕೊಳ್ಳುವುದು ಮುಖ್ಯ. ಪದ ಗೊತ್ತಿದ್ದರೂ ಹೇಗೆ ಅನ್ನಬೇಕು ಅಂತ ಗೊತ್ತಿಲ್ಲದೆ ಎಷ್ಟು ಸಲ ಕೈ ಎತ್ತದೆ ಕೂತಿದ್ದೇನೆ. ದಿನಕ್ಕೆ ಎರಡು ಮೂರು ಪುಟ, ಜಾಸ್ತಿ ಇಲ್ಲ. ಎಂಟನೇತ್ತೆ, ಒಂಬತ್ತನೇತ್ತೆ ಗಣಿತಕ್ಕೂ ಹಾಗೇ ಮಾಡಿದೆ. ಗಣಿತ ಬೇಗ ಮುಗಿಯಿತು, ಅಲ್ಲಿ ಪದ ಕಡಿಮೆ. ದಸರಾ ರಜೆ ಹೊತ್ತಿಗೆ ಕ್ಲಾಸಿನಲ್ಲಿ ಸರ್ ಹೇಳುವುದರಲ್ಲಿ ಮುಕ್ಕಾಲು ಭಾಗ ತಲೆಗೆ ಹತ್ತತೊಡಗಿತು.

ನನ್ನನ್ನು ಕೇಳಿದರೆ ಇದನ್ನು ಏಪ್ರಿಲ್, ಮೇ ರಜೆಯಲ್ಲೇ ಮಾಡಬೇಕು. ನಾವು ಆ ಎರಡು ತಿಂಗಳು ಮದುವೆ, ಜಾತ್ರೆ, ಮೊಬೈಲು ಅಂತ ಕಳೆಯುತ್ತೇವೆ. ಜಾತ್ರೆಗೂ ಹೋಗಿ, ಯಾರು ಬೇಡ ಅಂದರು.

ಎಲ್ಲ ಲೆಕ್ಚರರ್‌ಗಳೂ ಒಂದೇ ಥರ ಅಲ್ಲ, ಇದನ್ನೂ ಹೇಳಬೇಕು. ಕೆಮಿಸ್ಟ್ರಿ ಮೊದಲ ಪಾಠದಲ್ಲಿ ಮೋಲ್ ಅಂತ ಬರುತ್ತದೆ, ಅಲ್ಲಿ ಇಂಗ್ಲಿಷ್ ಮೀಡಿಯಂನವರೂ ಎಡವುತ್ತಾರೆ. ನಮಗೆ ಸ್ವಲ್ಪ ದಿನ ಪಾಠ ಮಾಡಲು ಬಂದ ಒಬ್ಬ ಸರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿ, ನಮ್ಮ ಮುಖ ನೋಡಿ, ಚಾಕ್‌ಪೀಸ್ ಕೆಳಗಿಟ್ಟರು. ‘ಬಾಳಿಹಣ್ಣು ಡಜನ್‌ಗೆ ಎಷ್ಟು?’ ಹನ್ನೆರಡು ರೀ. ‘ಅರ್ಧ ಡಜನ್ ಅಂದ್ರ?’ ಆರು ರೀ. ‘ಹಂಗ ಮೋಲ್ ಅಂದ್ರನೂ ಒಂದು ಡಜನ್ ಇದ್ದಂಗ. ಭಾಳ ದೊಡ್ಡ ಡಜನ್. ಹನ್ನೆರಡರ ಬದ್ಲಿ 6.022 ಗುಣಿಸು ಹತ್ತರ ಇಪ್ಪತ್ಮೂರನೇ ಘಾತ, ಅಷ್ಟ ಫರಕ.’ ಒಂದೂವರೆ ನಿಮಿಷ ಹಿಡಿಯಿತು. ಆಮೇಲೆ ಮತ್ತೆ ಇಂಗ್ಲಿಷಿಗೆ ಹೋದರು. ಆ ಒಂದೂವರೆ ನಿಮಿಷದಿಂದ ಯಾರ ಇಂಗ್ಲಿಷೂ ಕೆಡಲಿಲ್ಲ. ಮೋಲ್ ಲೆಕ್ಕವನ್ನು ನಾನು ಇವತ್ತಿಗೂ ಬಾಳೆಹಣ್ಣಿನ ಲೆಕ್ಕದಲ್ಲೇ ಮಾಡುತ್ತೇನೆ.

ನಾನು ಕೇಳುವುದು ಇಷ್ಟೇ. ಮೊದಲ ಮೂರು ತಿಂಗಳು, ಹೊಸ ಇಂಗ್ಲಿಷ್ ಪದ ಬಂದಾಗ ಬೋರ್ಡಿನ ಮೂಲೆಯಲ್ಲಿ ಅದರ ಕನ್ನಡ ಪದವನ್ನೂ ಬರೆಯಿರಿ. ಪಾಠ ಪೂರ್ತಿ ಕನ್ನಡದಲ್ಲಿ ಮಾಡಿ ಅಂತ ನಾನು ಹೇಳುತ್ತಿಲ್ಲ, ಮುಂದೆ ಇಂಗ್ಲಿಷ್ ಬೇಕೇ ಬೇಕು ಅಂತ ನಮಗೂ ಗೊತ್ತು, ಅದಕ್ಕೇ ಮನೆ ಬಿಟ್ಟು ಬಂದದ್ದು. ಪಾಠ ಮಾಡುವವರೂ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಕಲಿತವರೇ, ಆ ಪದಗಳು ಅವರಿಗೆ ಗೊತ್ತಿಲ್ಲದ್ದಲ್ಲ. ದಿನಕ್ಕೆ ಐದಾರು ಪದ. ಎಷ್ಟು ಹೊತ್ತು ಹಿಡಿಯುತ್ತದೆ?

ಇನ್ನೊಂದು ಸೋಜಿಗ ಹೇಳುತ್ತೇನೆ. ದ್ವಿತೀಯ ಪಿಯು ಬೋರ್ಡ್ ಪರೀಕ್ಷೆಯಲ್ಲಿ ಫಿಸಿಕ್ಸ್ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನೋಡುತ್ತೇನೆ, ಪ್ರಶ್ನೆ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ನೀಟ್ ಪರೀಕ್ಷೆಯನ್ನೂ 2017ರಿಂದ ಕನ್ನಡದಲ್ಲಿ ಬರೆಯಬಹುದು. ಅಂದರೆ ಪರೀಕ್ಷೆ ದಿನ ಕನ್ನಡ ಇದೆ. ಅದಕ್ಕೂ ಮೊದಲಿನ ಎರಡು ವರ್ಷ ಕ್ಲಾಸಿನಲ್ಲಿ ಇಲ್ಲ, ಕೈಯಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇಲ್ಲ. ಅಷ್ಟು ಹೊತ್ತಿಗೆ ನಮಗೆ ಕನ್ನಡದ ಪ್ರಶ್ನೆಯೇ ಅಪರಿಚಿತ ಆಗಿರುತ್ತದೆ. ಊಟ ಎಲ್ಲ ಆಗಿ ಕೈ ತೊಳೆದ ಮೇಲೆ ಉಪ್ಪಿನಕಾಯಿ ಬಡಿಸಿದ ಹಾಗೆ.

ನನಗಿಂತ ಜಾಸ್ತಿ ಮಾರ್ಕ್ಸ್ ಇದ್ದ ಒಬ್ಬ ಗೆಳತಿ ಇದ್ದಳು, ಹಾವೇರಿ ಜಿಲ್ಲೆ ಹಿರೇಕೆರೂರ ಕಡೆಯವಳು. ಶಾಲೆಗೆ ಮೊದಲಿಗಳಾಗಿ ಬಂದವಳು, ಊರಲ್ಲಿ ಸನ್ಮಾನ ಎಲ್ಲ ಆಗಿತ್ತು. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್‌ಗೆ ಅವಳಿಗೆ ಏಳು ಬಂತು, ನನಗೆ ಒಂಬತ್ತು. ಪೇಪರ್ ಮಡಚಿ ಚೂಡಿದಾರದ ಜೇಬಿನಲ್ಲಿ ಇಟ್ಟುಕೊಂಡಳು, ಏನೂ ಮಾತಾಡಲಿಲ್ಲ. ಆ ವರ್ಷ ಅಧಿಕ ಮಾಸ ಬಂದು ನಾಗರ ಪಂಚಮಿ ಆಗಸ್ಟ್ 21ಕ್ಕೆ ಹೋಗಿತ್ತು. ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಊರಿಗೆ ಹೋಗಲೇಬೇಕು, ಜೋಕಾಲಿ, ಉಂಡಿ, ಬಿಡುವ ಹಬ್ಬವೇ ಅಲ್ಲ. ನಾವಿಬ್ಬರೂ ಹಳೇ ಬಸ್ ನಿಲ್ದಾಣದ ಹತ್ತಿರ ಬಳೆ ತೆಗೆದುಕೊಂಡೆವು. ನಾನು ಗದಗಿನ ಬಸ್ಸು ಹತ್ತಿದೆ, ಅವಳು ಹಾವೇರಿ ಬಸ್ಸು. ನಾನು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿಕೊಂಡು ಬಂದೆ. ಅವಳು ಬರಲಿಲ್ಲ.

ಒಂದು ವಾರ ನೋಡಿ ಫೋನ್ ಮಾಡಿದೆ. ‘ಅವ್ವಗ ಆರಾಮಿಲ್ಲ’ ಅಂದಳು. ಅದು ಸುಳ್ಳು ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಆಮೇಲೆ ಅವಳ ಊರಿನ ಹತ್ತಿರದ ಕಾಲೇಜಿನಲ್ಲಿ ಮುಂದಿನ ವರ್ಷ ಕಲಾ ವಿಭಾಗಕ್ಕೆ ಸೇರಿದಳು ಅಂತ ತಿಳಿಯಿತು. ಕಲೆ ಓದುವುದು ಕಡಿಮೆ ಅಂತ ಅಲ್ಲ, ಅವಳು ಇಷ್ಟಪಟ್ಟು ಹೋಗಿದ್ದರೆ ನಾನು ಈ ಪತ್ರದಲ್ಲಿ ಅದನ್ನು ಬರೆಯುತ್ತಲೇ ಇರಲಿಲ್ಲ. ನನ್ನ ಎರಡು ಪುಸ್ತಕದ ಉಪಾಯ ಅವಳಿಗೆ ಹೇಳಿರಲಿಲ್ಲ. ಅಕ್ಕ ನನಗೆ ಹೇಳಿ ಆಗಲೇ ಎರಡು ವಾರ ಆಗಿತ್ತು. ಯಾಕೆ ಹೇಳಲಿಲ್ಲ ಅಂತ ಬಹಳ ಸಲ ಯೋಚಿಸಿದ್ದೇನೆ. ಹತ್ತನೇತ್ತೆ ಪುಸ್ತಕ ಮತ್ತೆ ಓದುತ್ತಿದ್ದೇನೆ ಅಂತ ಹೇಳಿಕೊಳ್ಳಲು ನಾಚಿಕೆ, ಬೇರೇನೂ ಅಲ್ಲ.

ವಿಭಾಗ ಬದಲಿಸಬೇಕು ಅನಿಸಿದರೆ ಅದೂ ತಪ್ಪಲ್ಲ, ಆದರೆ ಮೊದಲ ಕೆಲವು ವಾರದಲ್ಲೇ ಪ್ರಿನ್ಸಿಪಾಲರನ್ನು ಹೋಗಿ ಕೇಳಬೇಕು. ಸುಮ್ನೆ ಕೂತರೆ ವರ್ಷವೇ ಹೋಗುತ್ತದೆ, ಅವಳಿಗೆ ಆದದ್ದು ಅದೇ. ಕಲಾ, ವಾಣಿಜ್ಯ ವಿಭಾಗದಲ್ಲಿ ಕನ್ನಡದಲ್ಲೇ ಪರೀಕ್ಷೆ ಬರೆಯುವ ಅವಕಾಶ ಇದೆ ಅನ್ನುವುದನ್ನೂ ನಮ್ಮ ಹಳ್ಳಿ ಶಾಲೆಗಳಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಮಾರ್ಕ್ಸ್ ಬಂದರೆ ಸೈನ್ಸ್, ಬರದಿದ್ದರೆ ಆರ್ಟ್ಸ್, ಇಷ್ಟೇ ಲೆಕ್ಕ.

ಉಳಿದ ಕಷ್ಟಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ಜಾತಿ ಆದಾಯ ಪ್ರಮಾಣಪತ್ರ ಬೇಸಿಗೆಯಲ್ಲೇ ನಾಡಕಚೇರಿಯಲ್ಲಿ ಮಾಡಿಸಿ ಇಟ್ಟುಕೊಳ್ಳಿ, ಹಾಸ್ಟೆಲ್ ಅರ್ಜಿಗೂ ಸ್ಕಾಲರ್‌ಶಿಪ್ಪಿಗೂ ಅದೇ ಬೇಕು. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ನೋಡಿ. ಹುಡುಗಿಯರಿಗೆ 2023ರ ಜೂನ್ 11ರಿಂದ ಸರಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ನನ್ನ ಬ್ಯಾಚೇ ಮೊದಲ ಅದೃಷ್ಟವಂತ ಬ್ಯಾಚು. ಹುಡುಗರು ಪಾಸ್ ಮಾಡಿಸಬೇಕು. ಹಾಜರಿ ಶೇ 75 ಇರಲೇಬೇಕು. ನಮ್ಮ ಕ್ಲಾಸಿಗೆ ಅಣ್ಣಿಗೇರಿಯಿಂದ ದಿನಾ ಓಡಾಡುವ ಹುಡುಗನೊಬ್ಬ ಇದ್ದ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟು, ಹುಬ್ಬಳ್ಳಿಗೆ ರೈಲು, ಅಲ್ಲಿಂದ ಧಾರವಾಡಕ್ಕೆ ಬಸ್ಸು. ಅಂಥವರಿಗೆ ಹಾಜರಿ ಹಾಕುವಾಗ ಐದು ನಿಮಿಷ ಕಾಯುವ ಲೆಕ್ಚರರ್‌ಗಳೂ ಇದ್ದಾರೆ, ಅವರಿಗೆ ದೊಡ್ಡ ನಮಸ್ಕಾರ.

ಊಟದ ಮಾತು ಬಿಟ್ಟರೆ ಅವ್ವ ಸಿಟ್ಟಾಗುತ್ತಾಳೆ. ಹದಿನೈದು ದಿನಕ್ಕೊಮ್ಮೆ ಊರಿನಿಂದ ಬುತ್ತಿ ಬರುತ್ತಿತ್ತು. ಧಾರವಾಡಕ್ಕೆ ಆಸ್ಪತ್ರೆಗೋ ಕೋರ್ಟಿಗೋ ಯಾರಾದರೂ ಬರುವವರು ಇದ್ದರೆ ಅವರ ಕೈಯಲ್ಲಿ. ಹಳೇ ಪಂಜೆ ಬಟ್ಟೆಯಲ್ಲಿ ಕಟಕ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಆರಂಭದಲ್ಲಿ ನಾನು ರೂಮಿನಲ್ಲಿ ಎಲ್ಲರೂ ಮಲಗಿದ ಮೇಲೆ ರೊಟ್ಟಿ ತಿನ್ನುತ್ತಿದ್ದೆ. ಕಟಕ ರೊಟ್ಟಿ ತಿಂದವರಿಗೆ ಗೊತ್ತು, ಅದನ್ನು ಸದ್ದಿಲ್ಲದೆ ತಿನ್ನಲು ಆಗುವುದಿಲ್ಲ. ಒಂದು ರಾತ್ರಿ ಕಟಂ ಅಂತ ಸದ್ದಾಗಿ ಬೆಂಗಳೂರು ಕಡೆಯ ಹುಡುಗಿ ಎದ್ದು ಕೂತಳು. ನನಗೊಂದು ಕೊಡು ಅಂದಳು. ಮುಂದಿನ ಸಲದಿಂದ ಅವ್ವ ಇಪ್ಪತ್ತು ರೊಟ್ಟಿ ಜಾಸ್ತಿ ಬಡಿಯಬೇಕಾಯಿತು.

ಈ ಬುತ್ತಿಯೇನು ಹೊಸದಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಈ ಭಾಗದವರು ಕಾಲೇಜು ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಬೇಂದ್ರೆಯವರೂ ಡಿಗ್ರಿಗೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದವರು. ಅಲ್ಲಿ ಸುತ್ತ ಮರಾಠಿ, ಕ್ಲಾಸಿನಲ್ಲಿ ಇಂಗ್ಲಿಷು. ಆಮೇಲೆ ಧಾರವಾಡಕ್ಕೇ ಕಾಲೇಜು ಬಂತು, 1949ರಲ್ಲಿ ವಿಶ್ವವಿದ್ಯಾಲಯವೂ ಆಯಿತು, ಮುರುಘಾಮಠದಂಥ ಕಡೆ ಬಡ ಮಕ್ಕಳಿಗೆ ಊಟ ವಸತಿ ಸಿಕ್ಕಿತು. ಕಾಲೇಜು ನಮ್ಮೂರ ಹತ್ತಿರ ಬರಲು ಇಷ್ಟೆಲ್ಲ ಆಗಿದೆ. ಬೋರ್ಡಿನ ಮೂಲೆಯಲ್ಲಿ ಐದು ಕನ್ನಡ ಪದ ಬರೆಯುವುದು ಅದರ ಮುಂದೆ ದೊಡ್ಡ ಕೆಲಸವಾ?

ನಿಮಗೂ ಒಂದು ವಿನಂತಿ ಇದೆ ಸಂಪಾದಕರೇ. ಜೂನ್, ಜುಲೈನಲ್ಲಿ ವಾರಕ್ಕೊಮ್ಮೆಯಾದರೂ ಪತ್ರಿಕೆಯ ಒಂದು ಮೂಲೆಯಲ್ಲಿ ಪ್ರಥಮ ಪಿಯು ಪದಗಳನ್ನು ಹಾಕಿ. ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್, ಕೆಳಗೆ ಉಚ್ಚಾರ. ಸುಡೋಕು ಇರುವ ಜಾಗದಷ್ಟು ಸಾಕು. ನಮ್ಮೂರ ಗ್ರಂಥಾಲಯಕ್ಕೆ ನಿಮ್ಮ ಪತ್ರಿಕೆ ಬರುತ್ತದೆ, ಮಕ್ಕಳು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನನ್ನ ನೋಟ್‌ಬುಕ್ ಬೇಕಾದರೆ ಕಳಿಸುತ್ತಿದ್ದೆ, ಆದರೆ ಅದು ಈಗ ನನ್ನ ಹತ್ತಿರ ಇಲ್ಲ. ಈ ವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು ಗದಗಿನಲ್ಲಿ ಸೈನ್ಸಿಗೆ ಸೇರುತ್ತಿದ್ದಾಳೆ, ಅವಳು ಒಯ್ದಿದ್ದಾಳೆ.

ಪತ್ರ ಬಹಳ ಉದ್ದ ಆಯಿತು ಅಂತ ಗೊತ್ತು. ಜಾಗ ಇಲ್ಲದಿದ್ದರೆ ರೊಟ್ಟಿಯದ್ದು, ಪುಣೆಯದ್ದು ತೆಗೆದುಹಾಕಿ, ನನಗೆ ಬೇಜಾರಿಲ್ಲ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಓದುವ ಮಾತು ಮಾತ್ರ ಕತ್ತರಿಸಬೇಡಿ.

ಇಂತಿ,
ಒಬ್ಬ ವಿದ್ಯಾರ್ಥಿನಿ
ಧಾರವಾಡ (ಊರು ರೋಣ ತಾಲೂಕು, ಗದಗ ಜಿಲ್ಲೆ)